ಸೀಟು ಹಿಡಿದ ಬ್ಯಾಗು

ಹೊರಡುವ ಮುನ್ನ

ಮೂವತ್ತೊಂದು ವರ್ಷ ಬೆಂಗಳೂರಿನ ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನು ನಾನು. ಯಲಹಂಕದಿಂದ ಯಶವಂತಪುರ, ಯಶವಂತಪುರದಿಂದ ಗಂಗಾನಗರ, ಅಲ್ಲಿಂದ ಹೆಬ್ಬಾಳ, ಮತ್ತೆ ಯಲಹಂಕ. ಈ ನಾಲ್ಕು ಊರುಗಳ ನಡುವೆಯೇ ನನ್ನ ಆಯುಷ್ಯದ ಅರ್ಧ ಸವೆದಿದೆ. ಇವುಗಳನ್ನು ಬಿಟ್ಟು ದೂರ ಹೋದದ್ದೆಂದರೆ ಎರಡು ಸಲ ತಿರುಪತಿ, ಒಂದು ಸಲ ಧರ್ಮಸ್ಥಳ. ಅಂಥವನು ನ್ಯೂಜಿಲೆಂಡಿಗೆ ಹೋಗಿ ಬಂದೆ ಎಂದರೆ ಡಿಪೋದ ಹಳೆಯ ಗೆಳೆಯರು ಇವತ್ತಿಗೂ ನಂಬುವುದಿಲ್ಲ. "ಏನ್ ನೋಡ್ದೆ ಗುರು ಅಲ್ಲಿ?" ಎಂದು ಕೇಳುತ್ತಾರೆ. ಸಮುದ್ರ ನೋಡಿದೆ, ಕುರಿ ನೋಡಿದೆ ಎಂದು ಹೇಳಿ ಜಾರಿಕೊಳ್ಳುತ್ತೇನೆ. ನಿಜವಾಗಿ ನೋಡಿದ್ದನ್ನು ಟೀ ಅಂಗಡಿಯಲ್ಲಿ ನಿಂತು ಹೇಳುವ ಧೈರ್ಯ ನನಗಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಹೆಂಡತಿ ಗಿರಿಜಳ ತಂಗಿ ಸುಧಾ ಆಕ್ಲೆಂಡಿನಲ್ಲಿ ನರ್ಸ್. ನಾನು ರಿಟೈರ್ ಆದದ್ದೇ ತಡ, ಟಿಕೆಟ್ ಕಳಿಸಿಬಿಟ್ಟಳು. ಬರುವುದಿಲ್ಲ ಎನ್ನಲು ನನ್ನ ಬಳಿ ನೂರು ಕಾರಣಗಳಿದ್ದವು. ನಿಜವಾದ ಕಾರಣ ಒಂದೇ, ಭಯ. ನಾನು ಹುಟ್ಟಾ ಪುಕ್ಕಲ. ಗ್ಯಾಸ್ ಆಫ್ ಮಾಡಿದ್ದೇವಾ ಎಂದು ನೋಡಲು ಹೆಬ್ಬಾಳದಿಂದ ಮನೆಗೆ ವಾಪಸ್ ಹೋದವನು. ಅದರ ಮೇಲೆ ಗಿರಿಜಳಿಗೆ ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ. ದಿನಕ್ಕೆರಡು ಹೊತ್ತು ಇನ್ಸುಲಿನ್ ಚುಚ್ಚಿಕೊಳ್ಳಬೇಕು. ಬೆಳಿಗ್ಗೆ ಚುಚ್ಚಿಕೊಂಡ ಮೇಲೆ ಹನ್ನೊಂದಕ್ಕೆ ಏನಾದರೂ, ಒಂದು ಗಂಟೆಗೆ ಊಟ, ತಪ್ಪುವಂತಿಲ್ಲ. ತಪ್ಪಿದರೆ ಸಕ್ಕರೆ ದಡದಡನೆ ಕೆಳಗಿಳಿಯುತ್ತದೆ. ಒಂದು ಸಲ ವರಮಹಾಲಕ್ಷ್ಮಿ ಪೂಜೆಯ ದಿನ ಅಡುಗೆಮನೆಯಲ್ಲೇ ಕುಸಿದಿದ್ದಳು. ಅವತ್ತಿನಿಂದ ಅವಳಿಗಿಂತ ಹೆಚ್ಚಾಗಿ ನನ್ನ ಕಣ್ಣೇ ಗಡಿಯಾರದ ಮೇಲಿರುತ್ತದೆ.

ಅಂತೂ ಹೊರಟು ಆಕ್ಲೆಂಡಿಗೆ ಬಂದೆವು. ಅಲ್ಲಿ ಒಂದು ದಿನ ಸುಧಾಗೆ ಡ್ಯೂಟಿ. "ಭಾವ, ಇವತ್ತು ನೀವಿಬ್ರೇ ವೈಹೆಕೆ ದ್ವೀಪಕ್ಕೆ ಹೋಗ್ಬನ್ನಿ. ಹಡಗು ಇಳಿದ್ರೆ ಬಸ್ಸಿರತ್ತೆ. ದ್ರಾಕ್ಷಿ ತೋಟ ತೋಟಕ್ಕೂ ನಿಲ್ಲತ್ತೆ. ಎಲ್ಲಿ ಬೇಕಾದ್ರೂ ಇಳೀರಿ, ಎಲ್ಲಿ ಬೇಕಾದ್ರೂ ಹತ್ತಿ. ನಿಮಗೆ ಬಸ್ ಹತ್ತಿ ಇಳಿಯೋದು ಹೇಳ್ಕೊಡ್ಬೇಕಾ?" ಎಂದಳು. ಬಸ್ಸು ಎಂದ ಕೂಡಲೇ ನನಗೂ ಸ್ವಲ್ಪ ಧೈರ್ಯ ಬಂತು. ಸುಧಾ ಒಂದು ನೀಲಿ ಬ್ಯಾಗು ತುಂಬಿಕೊಟ್ಟಳು. ಚಪಾತಿ ಪಲ್ಯದ ಡಬ್ಬಿ, ಬಿಸ್ಕತ್ತು, ಬಾಳೆಹಣ್ಣು, ಗ್ಲೂಕೋಸ್ ಪುಡಿ, ರಾತ್ರಿಯ ಇನ್ಸುಲಿನ್, ಸಕ್ಕರೆ ನೋಡುವ ಮಿಷನ್ನು. ನಮಗೆಂದು ಅವಳು ಕೊಟ್ಟಿದ್ದ ಫೋನನ್ನೂ ಜೇಬಿನಿಂದ ಬೀಳುತ್ತದೆಂದು ಹೆದರಿ ನಾನೇ ಅದರೊಳಗೆ ಹಾಕಿದೆ. ಗಿರಿಜಳ ಜೀವ ಆ ಬ್ಯಾಗಿನಲ್ಲಿತ್ತು ಅಂದುಕೊಳ್ಳಿ.

ಜೆಟ್ಟಿಯಿಂದ

ಹಡಗಿನಲ್ಲಿ ಮುಕ್ಕಾಲು ಗಂಟೆ. ಆಮೇಲೆ ಹಸಿರು ಬಣ್ಣದ ಒಂದು ಪುಟ್ಟ ಬಸ್ಸು. ಡ್ರೈವರ್ ಅರವತ್ತು ದಾಟಿದ ಹೆಂಗಸು, ಬಿಳಿ ಕೂದಲು, ತೋಳು ಮಾತ್ರ ಪೈಲ್ವಾನರದ್ದು. ಹೆಸರು ಜೋನ್ ಎಂದು ಎದೆಯ ಮೇಲೆ ಬರೆದಿತ್ತು. ಟಿಕೆಟ್ ಇಲ್ಲ, ಕೈಗೆ ಕಾಗದದ ಪಟ್ಟಿ ಸುತ್ತುತ್ತಾರೆ. ಕಂಡಕ್ಟರೂ ಇಲ್ಲ. ನನಗೆ ಯಾಕೋ ಕಸಿವಿಸಿಯಾಯಿತು. ಕಂಡಕ್ಟರ್ ಇಲ್ಲದ ಬಸ್ಸು ಯಜಮಾನನಿಲ್ಲದ ಮನೆಯಂತೆ ಎಂದು ಗಿರಿಜಳಿಗೆ ಹೇಳಿದೆ. "ಯಜಮಾನಿ ಅವ್ಳಲ್ವಾ, ಸುಮ್ನಿರಿ," ಎಂದಳು.

ಅವಳು ಯಾವುದಕ್ಕೂ ಹೆದರುವವಳಲ್ಲ. ವಿದ್ಯಾರಣ್ಯಪುರದ ಪಕ್ಕದ ಸಿಂಗಾಪುರದವಳು, ಅದು ಹಳ್ಳಿಯಾಗಿದ್ದ ಕಾಲದವಳು. ನಮ್ಮ ಮಾವನದ್ದು ಅಲ್ಲಿ ದ್ರಾಕ್ಷಿ ತೋಟವಿತ್ತು. ಕಲ್ಲುಕಂಬ ನೆಟ್ಟು, ಮೇಲೆ ತಂತಿ ಎಳೆದು, ಚಪ್ಪರಕ್ಕೆ ಹಬ್ಬಿಸಿದ ಕಪ್ಪು ದ್ರಾಕ್ಷಿ. ಈಗ ಅದೆಲ್ಲ ಲೇಔಟು. ಮಾವನ ಬಾವಿಯಿದ್ದ ಜಾಗದಲ್ಲಿ ಒಂದು ಜಿಮ್ ಇದೆ. ಈ ದ್ವೀಪದಲ್ಲಿ ಚಪ್ಪರ ಇರಲಿಲ್ಲ. ಬಳ್ಳಿಗಳು ಬೇಲಿಯ ಹಾಗೆ ಸಾಲಾಗಿ ನಿಂತಿದ್ದವು. ಗಿರಿಜ ಕಿಟಕಿಗೆ ಹಣೆ ಒತ್ತಿಕೊಂಡು ನೋಡುತ್ತಿದ್ದಳು. "ಇಂಗೆ ನಿಲ್ಸಿದ್ರೆ ಹಣ್ಣು ಬಿಸ್ಲಿಗೆ ಬಾಡಲ್ವಾ? ಅಪ್ಪ ನೋಡಿದ್ರೆ ಬೈಯೋರು," ಎಂದು ತನಗೆ ತಾನೇ ಹೇಳಿಕೊಂಡಳು.

ಒಂದು ವಿಷಯ ನಾನು ಗಮನಿಸಿದೆ. ಅಲ್ಲಿ ಬಸ್ಸಿನಿಂದ ಇಳಿಯುವ ಪ್ರತಿಯೊಬ್ಬರೂ ಡ್ರೈವರಿಗೆ ಥ್ಯಾಂಕ್ಸ್ ಹೇಳುತ್ತಾರೆ. ಇಳಿದ ಮೇಲೂ ಕೈ ಬೀಸುತ್ತಾರೆ. ಡ್ರೈವರ್ ಕನ್ನಡಿಯಲ್ಲಿ ನೋಡಿ ತಾನೂ ಕೈ ಎತ್ತುತ್ತಾಳೆ. ಮೂವತ್ತೊಂದು ವರ್ಷದಲ್ಲಿ ನನಗೆ ಥ್ಯಾಂಕ್ಸ್ ಹೇಳಿದವರನ್ನು ಬೆರಳ ಮೇಲೆ ಎಣಿಸಬಹುದು. ಅದರಲ್ಲಿ ಒಬ್ಬ ಕುಡಿದಿದ್ದ.

ಮೊದಲ ಸ್ಟಾಪು

ಈಗ ನನ್ನ ಘನಕಾರ್ಯಕ್ಕೆ ಬರುತ್ತೇನೆ.

ನಮ್ಮ ಕಡೆ ಬಸ್ಸಿನ ಸೀಟು ಹಿಡಿಯುವುದು ಹೇಗೆಂದು ನಿಮಗೆ ಹೊಸದಾಗಿ ಹೇಳಬೇಕಿಲ್ಲ. ಕಿಟಕಿಯಿಂದ ಟವೆಲ್ ಎಸೆ, ಕರ್ಚೀಫ್ ಎಸೆ, ಬ್ಯಾಗು ಇಡು, ಸೀಟು ನಿನ್ನದು. ಯಶವಂತಪುರದಲ್ಲಿ ಒಬ್ಬ ಎಡಗಾಲಿನ ಚಪ್ಪಲಿ ಇಟ್ಟು ಸೀಟು ಹಿಡಿದದ್ದನ್ನು ನೋಡಿದ್ದೇನೆ. ಇದರಿಂದ ಆಗುವ ಜಗಳ ಬಿಡಿಸಿ ಬಿಡಿಸಿ ನನ್ನ ಗಂಟಲು ಒಡೆದಿದೆ. "ಟವೆಲ್ ಹಾಕಿದ್ರೆ ಸೀಟು ನಿಮ್ದಾಗಲ್ಲ ಸ್ವಾಮಿ, ಕೂತೋರ್ದೇ ಸೀಟು," ಎಂದು ದಿನಕ್ಕೆ ಹತ್ತು ಸಲ ಹೇಳಿದವನು ನಾನು.

ಮೊದಲ ತೋಟದ ಬಾಗಿಲಲ್ಲಿ ಬಸ್ಸು ನಿಂತಿತು. ನಮ್ಮ ಸೀಟು ಕಿಟಕಿ ಪಕ್ಕದ್ದು, ಮುಂದಿನದು, ಗಿರಿಜಳಿಗೆ ಕಾಲು ಚಾಚಲು ಜಾಗವಿದ್ದದ್ದು. ಮತ್ತೆ ಸಿಗುತ್ತದೋ ಇಲ್ಲವೋ. ನಾನು ನೀಲಿ ಬ್ಯಾಗನ್ನು ಸೀಟಿನ ಮೇಲಿಟ್ಟು, ಅದರ ಮೇಲೆ ನನ್ನ ಕರ್ಚೀಫನ್ನೂ ಹಾಸಿದೆ.

"ಬ್ಯಾಗ್ ಯಾಕ್ ಬಿಡ್ತೀರಾ?" ಗಿರಿಜ ಕೇಳಿದಳು.

"ಸೀಟಿಗೆ. ಹತ್ತು ನಿಮಿಷ ನಿಂತೇ ನಿಲ್ಲತ್ತೆ ಕಣೇ. ಡ್ರೈವರ್ ಟೀ ಕುಡೀಬೇಡ್ವಾ?"

ಡ್ರೈವರ್ ಟೀ ಕುಡಿಯಲಿಲ್ಲ. ನಾವು ಇಳಿದು ನಾಲ್ಕು ಹೆಜ್ಜೆ ಇಟ್ಟಿರಲಿಲ್ಲ, ಹಿಂದೆ ಬಾಗಿಲು ಮುಚ್ಚಿದ ಸದ್ದಾಯಿತು. ತಿರುಗಿ ನೋಡಿದರೆ ಬಸ್ಸು ಹೊರಟಿದೆ. ನಾನು ಎರಡೂ ಕೈ ಎತ್ತಿ ಬೀಸುತ್ತಾ ಓಡಿದೆ. "ಸ್ಟಾಪ್! ಹೋಲ್ಡಾನ್!" ಎಂದು ಕೂಗಿದೆ. ಕನ್ನಡಿಯಲ್ಲಿ ಜೋನ್ ನನ್ನನ್ನು ನೋಡಿದ್ದು ನನಗೆ ಕಾಣಿಸಿತು. ಅವಳು ನಕ್ಕಳು. ಕೈ ಎತ್ತಿ ಬೀಸಿದಳು. ಬಸ್ಸು ತಿರುವಿನಲ್ಲಿ ಮರೆಯಾಯಿತು.

ಬಸ್ಸಿನ ಹಿಂದೆ ಓಡುವವರನ್ನು ಸಾವಿರ ಸಲ ನೋಡಿದ್ದೇನೆ. ನಾನು ಓಡಿದ್ದು ಅದೇ ಮೊದಲು. ಅರವತ್ತರ ವಯಸ್ಸಿನಲ್ಲಿ ಮಂಡಿ ಹಿಡಿದುಕೊಂಡು ದಾರಿಯ ಮಧ್ಯೆ ನಿಂತೆ.

"ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ," ಎಂದಳು ಗಿರಿಜ ಹತ್ತಿರ ಬಂದು. ಬೈಗುಳ ಅಷ್ಟಕ್ಕೇ ಮುಗಿಯಿತು. ಅವಳ ದೊಡ್ಡ ಗುಣ ಅದು.

ಒಳಗೆ ವೈನು ರುಚಿ ತೋರಿಸುವ ದೊಡ್ಡ ಕೋಣೆ. ಅಲ್ಲಿದ್ದ ಹುಡುಗಿಗೆ ನನ್ನ ಮುರುಕು ಇಂಗ್ಲಿಷಿನಲ್ಲಿ ಎಲ್ಲ ಹೇಳಿದೆ. ಅವಳಿಗೆ ಒಂದಿಷ್ಟೂ ಗಾಬರಿಯಾಗಲಿಲ್ಲ. ಗಂಟೆಗೊಂದು ಬಸ್ಸು, ಎರಡು ಬಸ್ಸು ಒಂದರ ಹಿಂದೊಂದು ಸುತ್ತುತ್ತವೆ, ಜೋನಳ ಬಸ್ಸು ಹನ್ನೆರಡಕ್ಕೆ ತಿರುಗಿ ಇಲ್ಲಿಗೇ ಬರುತ್ತದೆ, ಇಲ್ಲಿ ಏನೂ ಕಳೆಯುವುದಿಲ್ಲ, ಕೂತುಕೊಳ್ಳಿ ಎಂದಳು. ಎರಡು ಪುಟ್ಟ ತಟ್ಟೆಯಲ್ಲಿ ಹಪ್ಪಳದಷ್ಟು ತೆಳ್ಳಗಿನ ಬಿಸ್ಕತ್ತು, ಉಪ್ಪು ನೀರಿನಲ್ಲಿ ನೆನೆಸಿದ ಯಾವುದೋ ಸಣ್ಣ ಹಸಿರು ಕಾಯಿ ತಂದಿಟ್ಟಳು. ಗಿರಿಜಳ ಹಸಿವಿಗೆ ಅದು ಯಾವ ಮೂಲೆಗೂ ಸಾಲದು. ನಾವು ಕುಡಿಯುವವರಲ್ಲ. ಸುತ್ತ ಇದ್ದವರು ಲೋಟ ಅಲ್ಲಾಡಿಸಿ, ಮೂಸಿ, ಬಾಯಿ ಮುಕ್ಕಳಿಸಿ, ಒಂದು ಬಕೆಟ್ಟಿಗೆ ಉಗಿಯುತ್ತಿದ್ದರು. ಬೇರೆ ದಿನವಾಗಿದ್ದರೆ ನಾನು ಬಿದ್ದು ಬಿದ್ದು ನಗುತ್ತಿದ್ದೆ. ಅವತ್ತು ಗೋಡೆ ಗಡಿಯಾರ ಬಿಟ್ಟು ಬೇರೇನೂ ಕಾಣಲಿಲ್ಲ.

"ಇಲ್ಲೇ ಕೂತಿರಾಣ ಕಣ್ರೀ," ಎಂದಳು ಗಿರಿಜ. "ಸುತ್ತೋ ಬಸ್ಸು ಸುತ್ತಿ ಬರ್ದೆ ಎಲ್ಗೋಗುತ್ತೆ?"

ಅವಳ ಮಾತು ಕೇಳಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಹನ್ನೊಂದಕ್ಕೆ ಎರಡನೆಯ ಬಸ್ಸು ಬಂತು. ಕಣ್ಣೆದುರು ಬಸ್ಸು ನಿಂತಿರುವಾಗ ಹತ್ತದೆ ಕೂತಿರುವುದು ನನ್ನ ಮೈಗೆ ಒಗ್ಗದ ವಿಷಯ. ಮುಂದೆ ಎಲ್ಲೋ ಜೋನ್ ಊಟಕ್ಕೆ ನಿಲ್ಲಿಸಿರುತ್ತಾಳೆ, ಹೋಗಿ ಹಿಡಿದುಬಿಡೋಣ ಎಂದು ಗಿರಿಜಳ ಕೈ ಹಿಡಿದು ಎಳೆದುಕೊಂಡೇ ಹತ್ತಿಸಿದೆ. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ನಮ್ಮಜ್ಜಿ ಹೇಳುತ್ತಿದ್ದದ್ದು ನನ್ನನ್ನು ನೋಡಿಯೇ ಇರಬೇಕು.

ಎರಡನೆಯ ಸ್ಟಾಪು, ಇಳಿಯದೆ ಹೋದದ್ದು

ಈ ಬಸ್ಸಿನ ಡ್ರೈವರ್ ಉದ್ದ ಗಡ್ಡದ ಗಂಡಸು. ಎಲ್ಲಾದರೂ ಇಳಿದು ಕಾಯಿರಿ, ಜೋನ್ ಹಿಂದಿನಿಂದ ಬರುತ್ತಾಳೆ ಎಂದು ಅವನೂ ಹೇಳಿದ. ನನ್ನ ಕಿವಿಗೆ ಹೋಗಲಿಲ್ಲ. ಎರಡನೆಯ ಸ್ಟಾಪಿನಲ್ಲಿ ಒಂದು ಹೋಟೆಲಿತ್ತು. ಹೊರಗೆ ಮೇಜು ಹಾಕುತ್ತಿದ್ದರು, ಸುಟ್ಟ ಬ್ರೆಡ್ಡಿನ ವಾಸನೆ ಬಸ್ಸಿನೊಳಗೇ ಬಂತು.

"ಇಳ್ದು ಏನಾದ್ರೂ ತಿನ್ನಾಣ್ವಾ? ಒಟ್ಟೆ ಹಸೀತಾ ಐತೆ," ಎಂದಳು ಗಿರಿಜ.

"ಐದು ನಿಮಿಷ ಕಣೇ. ಮುಂದಿನ ಸ್ಟಾಪಲ್ಲಿ ಬ್ಯಾಗೇ ಸಿಗತ್ತೆ, ನಿನ್ ಚಪಾತೀನೇ ತಿನ್ನುವಂತೆ."

ಬಸ್ಸು ಹೊರಟಿತು. ನನ್ನ ಕಣ್ಣು ಮುಂದಿನ ದಾರಿಯ ಮೇಲಿತ್ತು, ಮನಸ್ಸು ಮಾತ್ರ ಹಿಂದಕ್ಕೆ, ಗಂಗಾನಗರಕ್ಕೆ ಓಡಿತು. ಬೇಡವೆಂದರೂ ಓಡಿತು.

ಬಹಳ ವರ್ಷದ ಹಿಂದಿನ ಮಾತು. ಬೆಳಗಿನ ರೈಲಿಳಿದು ಯಶವಂತಪುರದಲ್ಲಿ ಒಬ್ಬಳು ಹೆಂಗಸು ನನ್ನ ಬಸ್ಸು ಹತ್ತಿದಳು. ಇಳಕಲ್ ಸೀರೆ, ಹಾವೇರಿಯೋ ಗದಗೋ, ಆ ಕಡೆಯ ಮಾತು. ಕೈಯಲ್ಲಿ ಒಂದು ದೊಡ್ಡ ಚೀಲ, ಒಂದು ಸಣ್ಣ ಚೀಲ. ಗಂಗಾನಗರ ಬಂದಾಗ ಹೇಳ್ರಿ ಅಣ್ಣಾರ ಎಂದು ನಾಲ್ಕು ಸಲ ಕೇಳಿದಳು. ನಾಲ್ಕನೆಯ ಸಲಕ್ಕೆ ನಾನು ರೇಗಿದೆ. ಬಸ್ಸು ಕಿಕ್ಕಿರಿದಿತ್ತು, ಹೊತ್ತು ಮೀರಿತ್ತು. ಗಂಗಾನಗರದಲ್ಲಿ ಅವಳನ್ನು ಬೇಗ ಬೇಗ ಎಂದು ಇಳಿಸಿ ವಿಷಲ್ ಊದಿದೆ. ಬಸ್ಸು ಹೊರಟ ಮೇಲೆ ಹಿಂದಿನ ಗಾಜಿನಲ್ಲಿ ನೋಡಿದರೆ ಆಕೆ ಓಡಿ ಬರುತ್ತಿದ್ದಾಳೆ. "ಅಣ್ಣಾರ, ನನ್ನ ಚೀಲ ಐತ್ರೀ! ನಿಲ್ಲಸ್ರೀ!" ಸಣ್ಣ ಚೀಲ ಸೀಟಿನ ಕೆಳಗೆ ಉಳಿದಿತ್ತು. ನಾನು ನೋಡಿದೆ. ಕೇಳಿಸಿತು. ನನ್ನ ಹಿಂದೆ ನಿಂತಿದ್ದ ಒಬ್ಬರು "ಕಂಡಕ್ಟ್ರೇ, ಪಾಪ" ಎಂದರು ಕೂಡ. "ಲಗೇಜಿಗೆ ಪ್ಯಾಸೆಂಜರೇ ಜವಾಬ್ದಾರಿ. ಡಿಪೋಗೆ ಬಂದು ತಗೊಳ್ಲಿ," ಎಂದು ಹೇಳಿ ಮತ್ತೊಂದು ಸಲ ವಿಷಲ್ ಊದಿದೆ. ಡ್ರೈವರ್ ವೇಗ ಹೆಚ್ಚಿಸಿದ.

ಡಿಪೋದಲ್ಲಿ ಚೀಲ ಬಿಚ್ಚಿ ನೋಡಿದೆವು. ಬಟ್ಟೆಯಲ್ಲಿ ಸುತ್ತಿದ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಒಂದು ಎಕ್ಸ್‌ರೇ, ಆಸ್ಪತ್ರೆ ಚೀಟಿಗಳು. ಆಮೇಲೆ ಆಕೆ ಬಂದು ತೆಗೆದುಕೊಂಡು ಹೋದಳೋ ಇಲ್ಲವೋ, ನಾನು ವಿಚಾರಿಸಲಿಲ್ಲ. ಮರೆತೆ ಎಂದರೆ ಸುಳ್ಳಾಗುತ್ತದೆ. ವಿಚಾರಿಸಲು ಹೆದರಿದೆ. ಇದನ್ನು ಗಿರಿಜಳಿಗೂ ಹೇಳಿರಲಿಲ್ಲ.

ಮೂರನೆಯ ಸ್ಟಾಪು

ಮೂರನೆಯ ತೋಟದ ಗೇಟಿನ ಬಳಿ ಬಸ್ಸು ನಿಧಾನವಾದಾಗ ದೂರದ ಅಂಗಳದಲ್ಲಿ ಒಂದು ಹಸಿರು ಬಸ್ಸು ನಿಂತದ್ದು ಕಾಣಿಸಿತು. "ಸಿಕ್ತು ನೋಡು!" ಎಂದು ಕೂಗಿ ಗಿರಿಜಳನ್ನು ಇಳಿಸಿದೆ. ಗಡ್ಡದವನು ಏನೋ ಹೇಳುತ್ತಿದ್ದ, ಕೇಳಿಸಿಕೊಳ್ಳುವ ವ್ಯವಧಾನ ಯಾರಿಗಿದೆ? ಅವಳನ್ನು ಸ್ಟಾಪಿನ ಬೆಂಚಿನ ಮೇಲೆ ಕೂರಿಸಿ ಒಂದೇ ಉಸಿರಿನಲ್ಲಿ ಅಂಗಳಕ್ಕೆ ಓಡಿದೆ.

ಅದು ಹಣ್ಣು ಕೊಯ್ಯುವ ಕೂಲಿಯವರನ್ನು ಕರೆತಂದ ವ್ಯಾನು. ಒಳಗೆ ಬರೀ ಟೋಪಿ, ಕೋಟು. ಕಟ್ಟಡದ ಬಾಗಿಲಿಗೆ ಬೀಗ. ಗಾಜಿನ ಮೇಲೆ ಒಂದು ಚೀಟಿ ಅಂಟಿಸಿತ್ತು. ಇವತ್ತು ಕೊಯ್ಲು, ಅಡುಗೆಮನೆ ಮುಚ್ಚಿದೆ, ಕ್ಷಮಿಸಿ ಎಂದು. ದೂರದ ಗುಡ್ಡದ ಮೇಲೆ ಜನ ಇರುವೆಗಳಷ್ಟು ಸಣ್ಣಗೆ ಕಾಣುತ್ತಿದ್ದರು. ಕೂಗಿದೆ. ಗಾಳಿಗೆ ನನ್ನ ದನಿ ನನಗೇ ಕೇಳಲಿಲ್ಲ. ವಾಪಸ್ ಗೇಟಿಗೆ ಬಂದರೆ ನಾವು ಇಳಿದ ಬಸ್ಸೂ ಹೋಗಿತ್ತು.

ಬ್ಯಾಗಿಲ್ಲ, ಬಸ್ಸಿಲ್ಲ, ಫೋನಿಲ್ಲ, ತಿನ್ನಲು ಏನೂ ಇಲ್ಲ. ನಾನು ಬೆಂಚಿನ ಮೇಲೆ ಕೂತು ಏನೇನೋ ಸಮಾಧಾನ ಹೇಳಿದೆ. ಜೋನ್ ಇನ್ನೇನು ಬಂದಳು, ಬಂದೇಬಿಟ್ಟಳು. ಗಿರಿಜ ಮೊದಮೊದಲು "ಊಂ" ಎನ್ನುತ್ತಿದ್ದಳು. ಎಷ್ಟು ಹೊತ್ತು ಹೋಯಿತೋ, ಅವಳು ಊಂಗುಟ್ಟುವುದನ್ನು ನಿಲ್ಲಿಸಿದ್ದು ನನಗೆ ತಡವಾಗಿ ಗೊತ್ತಾಯಿತು. ತಿರುಗಿ ನೋಡಿದೆ. ಅಂಥ ತಣ್ಣನೆ ಗಾಳಿಯಲ್ಲಿ ಅವಳ ಹಣೆಯಿಂದ ಬೆವರು ಇಳಿಯುತ್ತಿತ್ತು. ಕೈ ಮುಟ್ಟಿದರೆ ನಡುಗುತ್ತಿದೆ.

"ಗಿರಿಜಾ, ಏ ಗಿರಿಜಾ! ನೋಡಿಲ್ಲಿ."

"ಅಪ್ಪ ಬಂದ್ರಾ?" ಎಂದಳು.

ಮಾವ ಹೋಗಿ ಹದಿನೆಂಟು ವರ್ಷ. ಅಯ್ಯೋ ಶಿವನೇ, ಸಮುದ್ರ ದಾಟಿಸಿ ಕರೆತಂದು ಹೆಂಡತಿಯನ್ನು ಒಂದು ಸೀಟಿಗೋಸ್ಕರ ಕಳೆದುಕೊಳ್ಳುತ್ತೇನಲ್ಲ ಎನ್ನಿಸಿತು. ಎಡಕ್ಕೆ ನೋಡಿದೆ, ಬಲಕ್ಕೆ ನೋಡಿದೆ. ಒಂದು ನರಪಿಳ್ಳೆ ಇಲ್ಲ. ಎದುರಿಗೆ ದ್ರಾಕ್ಷಿ. ಕಣ್ಣು ಹರಿಯುವವರೆಗೂ ದ್ರಾಕ್ಷಿ. ಹಕ್ಕಿ ತಿನ್ನಬಾರದೆಂದು ಸಾಲು ಸಾಲಿಗೂ ಬಿಳಿ ಬಲೆ ಹೊದಿಸಿ, ಕೆಳಗೆ ಕ್ಲಿಪ್ಪು ಹಾಕಿ ಬಿಗಿದಿದ್ದರು.

ಬೇಲಿ ದಾಟಿದೆ. ಮಣ್ಣಿನಲ್ಲಿ ಮಂಡಿಯೂರಿ ಕ್ಲಿಪ್ಪು ಕಿತ್ತೆ. ಒಂದು ಬಿಚ್ಚಲು ಒಂದು ಯುಗವಾಯಿತು. ಬಲೆಯ ಕೆಳಗೆ ತಲೆ ತೂರಿಸಿ ಕೈಗೆ ಸಿಕ್ಕ ಗೊಂಚಲನ್ನು ಹಿಡಿದು ಎಳೆದೆ. ಟಿಕೆಟ್ ಇಲ್ಲದೆ ಹತ್ತಿದವರನ್ನು ಮೂವತ್ತೊಂದು ವರ್ಷ ಹಿಡಿದವನು, ಪರದೇಶದಲ್ಲಿ ಕಂಡವರ ತೋಟದಲ್ಲಿ ಕಳ್ಳತನ ಮಾಡಿದೆ. ಕಪ್ಪಗೆ, ಸಣ್ಣಗೆ, ನಮ್ಮ ಸಿಂಗಾಪುರದ ಹಣ್ಣಿನಂತೆಯೇ ದಪ್ಪ ಸಿಪ್ಪೆಯ ದ್ರಾಕ್ಷಿ.

ಒಂದು ಹಣ್ಣನ್ನು ಅವಳ ತುಟಿಗಿಟ್ಟೆ. ಬಾಯಿ ಬಿಡಲಿಲ್ಲ.

"ಅಪ್ಪನ್ನ ಕೇಳಿ ಕೀಳಿ," ಎಂದಳು, ನಾಲಿಗೆ ತೊದಲುತ್ತಿತ್ತು. "ಕೇಳ್ದೆ ಕೀಳ್ಬಾರ್ದು."

ಮಾವನ ತೋಟದ ನೇಮ ಅದು. ಮನೆ ಮಕ್ಕಳೇ ಆಗಲಿ, ಅವರನ್ನು ಕೇಳದೆ ಒಂದು ಹಣ್ಣು ಮುಟ್ಟುವಂತಿರಲಿಲ್ಲ.

"ಕೇಳಿದೀನಿ ಕಣೇ. ತಿನ್ನು ಅಂದ್ರು. ನಿನಗೇ ಕೊಡು ಅಂದ್ರು," ಎಂದೆ. ಅಳು ಬಂತು, ಬರಲಿ ಎಂದು ಬಿಟ್ಟೆ.

ಬಾಯಿ ತೆರೆದಳು. ಒಂದೊಂದೇ ಹಣ್ಣು ಹಿಂಡಿ ರಸ ಬಿಟ್ಟೆ, ಆಮೇಲೆ ಹಣ್ಣು ಕೊಟ್ಟೆ. ಬೀಜವನ್ನು ನನ್ನ ಅಂಗೈಗೆ ಉಗಿದಳು. ಒಂದು ಗೊಂಚಲು ಮುಗಿಯಿತು. ಓಡಿಹೋಗಿ ಇನ್ನೊಂದು ತಂದೆ. ಅವಳ ಕೈ ಹಿಡಿದುಕೊಂಡು, ಗೊತ್ತಿದ್ದ ದೇವರನ್ನೆಲ್ಲ ಒಂದು ಸುತ್ತು ಕರೆದೆ. ಬಹಳ ಹೊತ್ತಿನ ಮೇಲೆ ಅವಳು ಮುಖ ಸಿಂಡರಿಸಿದಳು.

"ರೀ, ತುದೀದು ಯಾಕ್ ಕೊಡ್ತಿದೀರಾ, ಉಳಿ ಅದು. ತೊಟ್ಟಿನತ್ರದ್ದು ಕೊಡಿ. ಅದು ಮೊದ್ಲು ಅಣ್ಣಾಗೋದು."

ಇಡೀ ಪ್ರವಾಸದಲ್ಲಿ ನಾನು ಕೇಳಿದ ಅತ್ಯಂತ ಒಳ್ಳೆಯ ಮಾತು ಅದು. ನನ್ನ ಹೆಂಡತಿ ವಾಪಸ್ ಬಂದಿದ್ದಳು.

ಅಷ್ಟರಲ್ಲಿ ನಾಲ್ಕು ಚಕ್ರದ ಒಂದು ಪುಟ್ಟ ಗಾಡಿಯಲ್ಲಿ ಕೆಂಪು ಮುಖದ ಮುದುಕನೊಬ್ಬ ಬಂದ, ತೋಟದ ಯಜಮಾನ. ಎದುರಿಗೆ ಬಿಚ್ಚಿದ ಬಲೆ, ನನ್ನ ಕೈಯಲ್ಲಿ ಗೊಂಚಲು, ಮಂಡಿಯಲ್ಲಿ ಮಣ್ಣು. ಚೆಕಿಂಗ್‌ನವರ ಮುಂದೆ ಸಿಕ್ಕಿಬಿದ್ದವನ ಹಾಗೆ ಎದ್ದು ನಿಂತೆ. "ಮೈ ವೈಫ್. ಡಯಾಬಿಟಿಸ್. ನೋ ಫುಡ್. ಸಾರಿ," ಎಂದೆ. ಇನ್ನೂ ಏನೋ ಹೇಳಬೇಕಿತ್ತು, ಇಂಗ್ಲಿಷು ಅಲ್ಲಿಗೇ ಮುಗಿದಿತ್ತು. ಅವನು ಗಿರಿಜಳ ಮುಖ ನೋಡಿದ. ಒಂದು ಮಾತೂ ಆಡದೆ ಗಾಡಿ ತಿರುಗಿಸಿಕೊಂಡು ಹೋದ. ಪೊಲೀಸರನ್ನು ಕರೆಯಲು ಹೋದ ಎಂದೇ ತಿಳಿದೆ. ಅವನು ಬಂದದ್ದು ಒಂದು ಜಗ್ಗು ಆಗ ತಾನೇ ಹಿಂಡಿದ ದ್ರಾಕ್ಷಿ ರಸ, ಕೂಲಿಯವರಿಗೆಂದು ತಂದಿದ್ದ ಬ್ರೆಡ್ಡು, ಎರಡು ಬಾಳೆಹಣ್ಣಿನೊಂದಿಗೆ. ಗಿರಿಜ ತಿನ್ನುವವರೆಗೂ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. ಆಮೇಲೆ ಹೋಗಿ ಮಂಡಿಯೂರಿ, ನಾನು ಬಿಚ್ಚಿದ ಕ್ಲಿಪ್ಪುಗಳನ್ನು ಒಂದೊಂದಾಗಿ ಮತ್ತೆ ಹಾಕಿದ.

ಜೋನ್ ಬಂದಳು

ಅವಳ ಬಸ್ಸು ಬಂದಾಗ ಒಂದು ಗಂಟೆ ದಾಟಿತ್ತು. ಬರಬೇಕಾದ ಹೊತ್ತಿಗಿಂತ ತಡ. ಬಸ್ಸು ನಿಂತದ್ದೇ ತಡ, ಬಾಗಿಲು ತೆರೆದು ಇಳಿದಳು. ಮುಂದಿನ ಸೀಟಿನಲ್ಲಿ ನಮ್ಮ ನೀಲಿ ಬ್ಯಾಗು ಕೂತಿತ್ತು. ಬೀಳದಿರಲೆಂದು ಅದಕ್ಕೆ ಸೀಟ್ ಬೆಲ್ಟ್ ಬಿಗಿದಿದ್ದಳು. ನನ್ನ ಕರ್ಚೀಫು ಮಡಿಸಿ ಅದರ ಮೇಲಿಟ್ಟಿತ್ತು.

ಜೆಟ್ಟಿಯಲ್ಲಿ ಜನರೆಲ್ಲ ಇಳಿದ ಮೇಲೆ ಬ್ಯಾಗು ಕಂಡಿತಂತೆ. ಯಾರದೆಂದು ತಿಳಿಯಲು ತೆರೆದರೆ ಇನ್ಸುಲಿನ್. ಅವಳ ತಂಗಿಗೂ ಅದೇ ಕಾಯಿಲೆಯಂತೆ. ಹನ್ನೆರಡಕ್ಕೆ ಮೊದಲ ತೋಟಕ್ಕೆ ಬಂದು, ಬಸ್ಸು ನಿಲ್ಲಿಸಿ, ಒಳಗೆ ಹೋಗಿ ಹುಡುಕಿದ್ದಾಳೆ. ನಾವಿಲ್ಲ. ಎರಡನೆಯ ತೋಟದಲ್ಲಿ ಮೇಜು ಮೇಜಿಗೂ ಹೋಗಿ ಕೇಳಿದ್ದಾಳೆ. ಬಸ್ಸಿನಲ್ಲಿದ್ದ ಜನ ತಡವಾಯಿತೆಂದು ಗೊಣಗಲಿಲ್ಲ, ಅವರೂ ಇಳಿದು ಹುಡುಕಿದ್ದಾರೆ. ಈಗ ಅವರೆಲ್ಲ ಕಿಟಕಿಯಿಂದ ನಮ್ಮನ್ನೇ ನೋಡುತ್ತಿದ್ದರು. ಗಿರಿಜ ಎದ್ದು ನಿಂತದ್ದನ್ನು ಕಂಡು ಒಬ್ಬಾಕೆ ಚಪ್ಪಾಳೆ ತಟ್ಟಿದಳು.

ನಾನು ಜೋನಳಿಗೆ ಕೈ ಮುಗಿದೆ. ಅವಳು ನನ್ನ ಎರಡೂ ಕೈ ಹಿಡಿದುಕೊಂಡಳು. ಅವಳ ಕಣ್ಣು ತುಂಬಿತ್ತು.

"ನೀನು ಓಡಿ ಬರುತ್ತಿದ್ದದ್ದನ್ನು ಕನ್ನಡಿಯಲ್ಲಿ ನೋಡಿದೆ," ಎಂದಳು. ತನ್ನ ಇಂಗ್ಲಿಷು ನನಗೆ ಅರ್ಥವಾಗಲೆಂದು ಒಂದೊಂದೇ ಪದ ಬಿಡಿಸಿ ಹೇಳಿದಳು. "ಥ್ಯಾಂಕ್ಸ್ ಹೇಳುತ್ತಿದ್ದೀಯ ಎಂದುಕೊಂಡೆ. ಅದಕ್ಕೇ ಕೈ ಬೀಸಿದೆ. ಸಾರಿ. ನಾನು ನಿಲ್ಲಿಸಬೇಕಿತ್ತು. ನನ್ನನ್ನು ಕ್ಷಮಿಸು."

ಸಾರಿ, ಸಾರಿ ಎಂದು ಹೇಳುತ್ತಲೇ ಇದ್ದಳು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಬ್ಯಾಗಿನ ಬೆಲ್ಟು ಬಿಚ್ಚುವ ನೆಪದಲ್ಲಿ ಬಸ್ಸಿನೊಳಗೆ ಹೋಗಿ ಮುಖ ಒರೆಸಿಕೊಂಡೆ.

ವಾಪಸ್ ಹಡಗು

ಉಳಿದ ತೋಟಗಳನ್ನು ನಾವು ನೋಡಲಿಲ್ಲ. ಮೂರು ಗಂಟೆಯ ಹಡಗಿಗೇ ಹೊರಟೆವು. ಜೆಟ್ಟಿಯಲ್ಲಿ ಬಸ್ಸು ಇಳಿಯುವಾಗ ಗಿರಿಜ ಎಲ್ಲರಂತೆ ಜೋನಳಿಗೆ ಕೈ ಬೀಸಿದಳು. ನಾನು ಬ್ಯಾಗನ್ನು ಎದೆಗೆ ಅವುಚಿಕೊಂಡಿದ್ದೆ, ಕೈ ಎತ್ತಲು ಆಗಲಿಲ್ಲ.

ಹಡಗಿನಲ್ಲಿ ಗಿರಿಜ ಮಿಷನ್ನಿನಲ್ಲಿ ಸಕ್ಕರೆ ನೋಡಿಕೊಂಡಳು. ಸರಿಯಾಗಿತ್ತು. ಡಬ್ಬಿ ತೆರೆದು ನನಗೊಂದು ಚಪಾತಿ ಕೊಟ್ಟು ತಾನೊಂದು ತೆಗೆದುಕೊಂಡಳು.

"ಯಾಕಿಂಗೆ ಕೂತಿದೀರಾ? ಬ್ಯಾಗ್ ಸಿಕ್ತಲ್ಲ. ನಂಗೇನೂ ಆಗಿಲ್ವಲ್ಲ," ಎಂದಳು.

ಆಗ ಹೇಳಿದೆ. ಗಂಗಾನಗರದ ಹೆಂಗಸಿನ ವಿಷಯ ಪೂರಾ ಹೇಳಿದೆ. ಓಡಿ ಬಂದದ್ದು, ನಾನು ನೋಡಿದ್ದು, ಎರಡನೆಯ ಸಲ ವಿಷಲ್ ಊದಿದ್ದು, ರೊಟ್ಟಿ, ಎಕ್ಸ್‌ರೇ. "ಜೋನ್‌ಗೆ ಗೊತ್ತಾಗ್ಲಿಲ್ಲ ಗಿರಿಜಾ. ಗೊತ್ತಾಗ್ದೇ ಇದ್ದಿದ್ದಕ್ಕೆ ಅಷ್ಟು ಸಲ ಸಾರಿ ಕೇಳಿದ್ಳು. ನನಗೆ ಗೊತ್ತಿತ್ತು," ಎಂದೆ.

ಅವಳು ಬೈಯುತ್ತಾಳೆ ಎಂದುಕೊಂಡೆ. ಇಲ್ಲವೇ, ಹೋಗಲಿ ಬಿಡಿ, ಯಾವ ಕಾಲದ್ದೋ ಎನ್ನುತ್ತಾಳೆ ಎಂದುಕೊಂಡೆ. ಎರಡೂ ಆಗಲಿಲ್ಲ. ಕೈಯಲ್ಲಿದ್ದ ಚಪಾತಿಯನ್ನು ನೋಡಿದಳು.

"ರೊಟ್ಟಿ ನಿಮ್ ಡಿಪೋದಲ್ಲಿತ್ತು," ಎಂದಳು. "ಆವತ್ತು ಆಯಮ್ಮ ಊಟಕ್ಕೇನ್ ಮಾಡುದ್ಲೋ?"



ಊರಿಗೆ ಬಂದು ಎರಡು ತಿಂಗಳಾಯಿತು. ಗಿರಿಜಳನ್ನು ಡಾಕ್ಟರ ಬಳಿ ಕರೆದುಕೊಂಡು ಹೋಗುವಾಗ ನಮ್ಮ ಬಸ್ಸು ಗಂಗಾನಗರದ ಮೇಲೆಯೇ ಹೋಗುತ್ತದೆ. ಬ್ಯಾಗು ನನ್ನ ತೊಡೆಯ ಮೇಲಿರುತ್ತದೆ. ಸ್ಟಾಪು ಬಿಟ್ಟು ಬಸ್ಸು ಹೊರಟಾಗ ನಾನು ಪ್ರತಿ ಸಲವೂ ಹಿಂದೆ ತಿರುಗಿ ನೋಡುತ್ತೇನೆ. ಗಿರಿಜಳೂ ತಿರುಗುತ್ತಾಳೆ.